ಹಳೆಯ ಬೈಕಿನ ಇಗ್ನಿಷನ್ ಸ್ವಿಚ್ ಕೈಕೊಟ್ಟಾಗ: ಬಿಚ್ಚುವ ಮೊದಲು ಅಳೆಯಿರಿ

ಹಳೆಯ ಯೆಜ್ಡಿ, ಜಾವಾ, ಬುಲೆಟ್, ರಾಜದೂತ್ ಇಟ್ಟುಕೊಂಡವರ ದೂರು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಧಾರವಾಡದಿಂದ ಹೊರಟ ಗಾಡಿ ನವಲೂರಿನ ಹತ್ತಿರ ಒಮ್ಮೆ ಮುಕ್ಕರಿಸುತ್ತದೆ, ರಾಯಾಪುರ ಬರುವಷ್ಟರಲ್ಲಿ ಬಂದ್ ಬೀಳುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಗುತ್ತದೆ. ಪ್ಲಗ್ ಬದಲಿಸಿದ್ದಾಯಿತು, ಕಾರ್ಬ್ಯುರೇಟರ್ ತೊಳೆದದ್ದಾಯಿತು, ಹೊಸ ಕಂಡೆನ್ಸರ್ ಹಾಕಿದ್ದಾಯಿತು. ಕೊನೆಗೆ ಇಗ್ನಿಷನ್ ಸ್ವಿಚ್ಚನ್ನೇ ಹೊಸದು ಹಾಕಿದರೂ ಎರಡು ವಾರಕ್ಕೆ ಮತ್ತೆ ಅದೇ ಹಾಡು.

ಎಡವುತ್ತಿರುವುದು ಕೆಲಸದ ಕ್ರಮದಲ್ಲಿ. ಕರೆಂಟ್ ಎಲ್ಲಿ ಕಳೆದುಹೋಗುತ್ತಿದೆ ಎಂದು ಅಳೆಯದೆ ಸ್ವಿಚ್ ಬಿಚ್ಚುತ್ತಾರೆ. ಸ್ವಿಚ್ಚಿನ ಒಳಗೆ ಕೆಡುವುದಕ್ಕಿಂತ ಅದಕ್ಕೆ ಬರುವ ಮತ್ತು ಅದರಿಂದ ಹೋಗುವ ವೈರಿನ ತುದಿಗಳಲ್ಲಿ ಕೆಡುವುದೇ ಹೆಚ್ಚು. ಹೊಸ ಸ್ವಿಚ್ಚಿಗೆ ಹಳೆಯ ಕಿಲುಬು ಹಿಡಿದ ವೈರನ್ನೇ ಸಿಕ್ಕಿಸಿದರೆ ರೋಗ ಇದ್ದಲ್ಲೇ ಇರುತ್ತದೆ.

ಇಲ್ಲಿ ಹೇಳುವುದು ಬ್ಯಾಟರಿ, ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ), ಪಾಯಿಂಟ್ (ಇಂಜಿನ್ ತಿರುಗಿದಂತೆ ಕೂಡಿ ಬಿಟ್ಟು ಕಿಡಿ ಹಾರಿಸುವ ಪುಟ್ಟ ಸ್ವಿಚ್) ಇರುವ ಗಾಡಿಗಳಿಗೆ. ಇವುಗಳಲ್ಲಿ ಚಾವಿ ತಿರುಗಿಸಿದಾಗ ಸ್ವಿಚ್ ಕೂಡಿಕೊಂಡು ಕಾಯಿಲಿಗೆ ಕರೆಂಟ್ ಬಿಡುತ್ತದೆ. ಬ್ಯಾಟರಿಯ ಹಂಗಿಲ್ಲದೆ, ಇಂಜಿನ್ ತಿರುಗಿದಾಗ ತಾನೇ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊದಿಂದಲೇ ಕಿಡಿ ಪಡೆಯುವ ಗಾಡಿಗಳಲ್ಲಿ ಲೆಕ್ಕ ಉಲ್ಟಾ: ಚಾವಿ ಬಂದ್ ಇದ್ದಾಗ ಸ್ವಿಚ್ ಕೂಡಿಕೊಂಡು ಕಿಡಿಯನ್ನು ಅರ್ತಿಗೆ, ಅಂದರೆ ಗಾಡಿಯ ಲೋಹದ ಮೈಗೆ, ಇಳಿಸುತ್ತದೆ. ಅಂಥ ಗಾಡಿಯ ಇಗ್ನಿಷನ್ ವೈರಿಗೆ ಬ್ಯಾಟರಿ ಕರೆಂಟ್ ಕೊಟ್ಟರೆ ಒಳಗಿನ ಸಾಮಾನು ಸುಡುತ್ತದೆ. ನಿಮ್ಮದು ಯಾವ ಜಾತಿ ಎಂದು ಖಾತ್ರಿ ಮಾಡಿಕೊಂಡೇ ಮುಂದೆ ಓದಿ.

## ಅರ್ಧ ಓಂ ಮಾಡುವ ಅನಾಹುತ

6 ವೋಲ್ಟಿನ ಕಾಯಿಲಿನ ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ ಸುಮಾರು 1.5 ಓಂ ಎಂದಿಟ್ಟುಕೊಳ್ಳಿ. ಪಾಯಿಂಟ್ ಕೂಡಿದಾಗ ಅದರಲ್ಲಿ 4 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಎಲ್ಲೋ ಒಂದು ಕಡೆ ಬರೀ ಅರ್ಧ ಓಂ ಅಡ್ಡ ಬಂದರೆ ಹರಿಯುವುದು 3 ಆಂಪಿಯರ್, ಕಾಯಿಲಿಗೆ ಸಿಗುವುದು 4.5 ವೋಲ್ಟ್. ಕಾಯಿಲಿನಲ್ಲಿ ಕೂಡಿಡುವ ಶಕ್ತಿ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಕಿಡಿಯ ಬಲ ಸುಮಾರು ಶೇ 56ಕ್ಕೆ ಬಂದು ನಿಲ್ಲುತ್ತದೆ. ಜೊತೆಗೆ 4.5 ವ್ಯಾಟಿನಷ್ಟು ಶಾಖವಾಗಿ, ಆ ಕೆಟ್ಟ ಜೋಡಣೆಯಿರುವ ಕಾಳಿನಷ್ಟು ಜಾಗದಲ್ಲೇ ಸುಡುತ್ತದೆ. ಸುಟ್ಟಷ್ಟೂ ಜೋಡಣೆ ಸಡಿಲಾಗುತ್ತದೆ, ಸಡಿಲಾದಷ್ಟೂ ಮತ್ತೆ ಸುಡುತ್ತದೆ. ಬಿಸಿಯಾದಾಗ ಬಂದ್ ಬಿದ್ದು, ಆರಿದ ಮೇಲೆ ಚಾಲೂ ಆಗುವುದು ಇದರಿಂದಲೇ.

3 ಓಂ ಕಾಯಿಲಿನ 12 ವೋಲ್ಟ್ ಗಾಡಿಯಲ್ಲಿ ಅದೇ ಅರ್ಧ ಓಂ ಬಂದರೆ ಕಿಡಿಯ ಬಲ ಶೇ 73ರಷ್ಟಾದರೂ ಉಳಿಯುತ್ತದೆ, ಹೇಗೋ ಓಡುತ್ತದೆ. 6 ವೋಲ್ಟಿನ ಗಾಡಿಗಳು ಇಷ್ಟು ನಾಜೂಕು ಏಕೆ ಎಂಬುದಕ್ಕೆ ಈ ಲೆಕ್ಕ ಸಾಕು.

ನಮ್ಮ ಕಡೆಯ ಎರೆಮಣ್ಣು ಇದಕ್ಕೆ ಇನ್ನಷ್ಟು ಕೈಜೋಡಿಸುತ್ತದೆ. ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳಾಗಿ ಸ್ವಿಚ್ಚಿನ ಸಂದಿಗೆ ಇಳಿದದ್ದು ಮಳೆಗಾಲದಲ್ಲಿ ತೇವ ಹಿಡಿದು ಕೂರುತ್ತದೆ. ಅದರ ಮೇಲೆ ವಾಟರ್ ಸರ್ವಿಸಿಂಗಿನವರು ಒತ್ತಡದ ನೀರು ಬಿಟ್ಟರೆ ಹಿತ್ತಾಳೆ ತುದಿಗಳಿಗೆ ಹಸಿರು ಕಿಲುಬು ಹತ್ತಲು ಹೆಚ್ಚು ದಿನ ಬೇಡ.

## ಸ್ವಿಚ್ಚೇ ಕಾರಣವೇ? ಮೊದಲು ಲಕ್ಷಣ ನೋಡಿ

ಚಾವಿಯನ್ನು ಅಲುಗಾಡಿಸಿದಾಗ ಇಂಜಿನ್ ತಡವರಿಸಿದರೆ ದೋಷ ಸ್ವಿಚ್ಚಿನ ಒಳಗೆ ಅಥವಾ ಅದರ ಹಿಂಬದಿಯ ತುದಿಗಳಲ್ಲಿ. ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿದಾಗ ಮಾತ್ರ ಬಂದ್ ಬಿದ್ದರೆ ಸ್ವಿಚ್ಚನ್ನು ಮುಟ್ಟಬೇಡಿ. ಹ್ಯಾಂಡಲಿನ ಕುತ್ತಿಗೆಯ ಬಳಿ ವೈರಿನ ಎಳೆಗಳು ಒಳಗೊಳಗೇ ಮುರಿದಿವೆ. ತಗ್ಗು ಹಾರಿದಾಗ ಒಂದು ಕ್ಷಣ ಸತ್ತು ತಾನೇ ಎದ್ದರೆ ಫ್ಯೂಸಿನ ಗೂಡು ಅಥವಾ ಬ್ಯಾಟರಿಯ ಅರ್ತ್ ಮೇಲೆ ಮೊದಲ ಅನುಮಾನ. ಹಾರ್ನ್, ಲೈಟ್ ಎಲ್ಲ ಸರಿಯಿದ್ದು ಕಿಡಿ ಮಾತ್ರ ಇಲ್ಲವೆಂದರೆ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಕಡೆ, ಇಲ್ಲವೇ ಕಾಯಿಲ್ ಮತ್ತು ಪಾಯಿಂಟ್ ಕಡೆ ಹುಡುಕಬೇಕು.

ಬುಲೆಟ್ಟಿನಲ್ಲಿರುವ ಆಂಪಿಯರ್ ಮೀಟರ್ ಪುಕ್ಕಟೆ ಪರೀಕ್ಷಕ. ಚಾವಿ ಹಾಕಿ, ಲೈಟ್ ಬಂದ್ ಮಾಡಿ, ಕಿಕ್ಕನ್ನು ಕೈಯಿಂದ ನಿಧಾನ ಒತ್ತುತ್ತ ಹೋಗಿ. ಪಾಯಿಂಟ್ ಕೂಡಿದಾಗ ಮುಳ್ಳು ಮೈನಸ್ ಕಡೆ ಮೂರು-ನಾಲ್ಕು ಆಂಪಿಯರ್ ಬಾಗಬೇಕು, ಬಿಟ್ಟಾಗ ನಡುವಿಗೆ ಮರಳಬೇಕು. ಅಲ್ಲಾಡದೇ ನಡುವೆಯೇ ನಿಂತರೆ ಕರೆಂಟ್ ಕಾಯಿಲ್ ಮುಟ್ಟುತ್ತಿಲ್ಲ, ಇಲ್ಲವೇ ಪಾಯಿಂಟ್ ಕೂಡುತ್ತಿಲ್ಲ. ಒಂದೂವರೆ ಆಂಪಿಯರಿನಷ್ಟೇ ಬಾಗಿದರೆ ನೀವು ಹುಡುಕುತ್ತಿರುವ ಕೆಟ್ಟ ಜೋಡಣೆ ಎಲ್ಲೋ ಇದೆ. ಜಾವಾ, ಯೆಜ್ಡಿಯಲ್ಲಿ ಚಾರ್ಜಿಂಗಿನ ಕೆಂಪು ದೀಪ ನೋಡಿ. ಚಾವಿ ಹಾಕಿದಾಗ ಅದು ಹತ್ತಲೇಬೇಕು. ದೀಪ ಉರಿದೂ ಕಾಯಿಲಿಗೆ ಕರೆಂಟ್ ಬರದಿದ್ದರೆ ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ದಾರಿ ತುಂಡಾಗಿಲ್ಲ ಎಂದಷ್ಟೇ ಅರ್ಥ. ಆ ಪುಟ್ಟ ಬಲ್ಬಿಗೆ ಬೇಕಾಗುವ ಕರೆಂಟ್ ತೀರ ಕಡಿಮೆ, ಹಾಗಾಗಿ ದಾರಿ ಪೂರ್ತಿ ಗಟ್ಟಿಯಿದೆ ಎಂದು ತಿಳಿಯಬೇಡಿ.

## ಬೇಕಾದ ಸಾಮಾನು

- ಡಿಜಿಟಲ್ ಮಲ್ಟಿಮೀಟರ್. ಸಾಧಾರಣದ್ದೇ ಸಾಕು, ಆದರೆ ಅದರ ಸೆಲ್ ಹೊಸದಿರಲಿ.
- ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್, ಹೋಲ್ಡರ್, ಎರಡು ಮೊಸಳೆ ಕ್ಲಿಪ್. 6 ವೋಲ್ಟಿನ ಬಲ್ಬ್ 3.5 ಆಂಪಿಯರ್ ಎಳೆಯುತ್ತದೆ, ಅಂದರೆ ಸರಿಸುಮಾರು ಕಾಯಿಲಿನಷ್ಟೇ. 12 ವೋಲ್ಟ್ ಗಾಡಿಗೆ ಅಂಥ ಎರಡು 12 ವೋಲ್ಟ್ ಬಲ್ಬುಗಳನ್ನು ಪ್ಯಾರಲಲ್ ಆಗಿ ಹಾಕಿ.
- 10 ಆಂಪಿಯರ್ ಫ್ಯೂಸ್ ಕೂಡಿಸಿದ ಒಂದೂವರೆ ಮೀಟರ್ ಜಂಪರ್ ವೈರ್, ಎರಡೂ ತುದಿಗೆ ಕ್ಲಿಪ್.
- 1.5 ಚದರ ಮಿ.ಮೀ. ದಪ್ಪದ, ಬಹು ಎಳೆಯ ಆಟೋ ವೈರ್ ಮೂರು ಮೀಟರ್. ಬ್ಯಾಟರಿಯ ಮುಖ್ಯ ವೈರ್ ಬದಲಿಸುವುದಿದ್ದರೆ 2.5 ಚದರ ಮಿ.ಮೀ.
- ವೈರಿನ ದಪ್ಪಕ್ಕೆ ಹೊಂದುವ ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುದಿ), ಚಪ್ಪಟೆ ಟರ್ಮಿನಲ್, ರಬ್ಬರ್ ಟೋಪಿ, ಹೀಟ್ ಶ್ರಿಂಕ್ ಸ್ಲೀವ್.
- ಕ್ರಿಂಪಿಂಗ್ ಪಕ್ಕಡ. ಮಾಮೂಲಿ ಪಕ್ಕಡದಿಂದ ಒತ್ತಿದ ಲಗ್ಗು ಆರು ತಿಂಗಳೂ ಬಾಳುವುದಿಲ್ಲ.
- 800 ಅಥವಾ 1000 ನಂಬರಿನ ಪಾಲಿಶ್ ಪೇಪರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ವ್ಯಾಸಲಿನ್.

ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಬೇಡವೇ ಬೇಡ. ಗಾಡಿಯ ನಡುಕಕ್ಕೆ ಅದು ಬಗ್ಗದೆ ಮುರಿಯುತ್ತದೆ.

## ಹಂತ 1: ಬ್ಯಾಟರಿ, ಫ್ಯೂಸ್, ಅರ್ತ್

ಪೆಟ್ರೋಲ್ ಕಾಕ್ ಬಂದ್ ಮಾಡಿ, ಗಾಡಿ ನ್ಯೂಟ್ರಲಿನಲ್ಲಿರಲಿ. ಟ್ಯಾಂಕ್ ಇಳಿಸಬೇಕಾದರೆ ಇಳಿಸಿ ದೂರ ಇಡಿ. ಸ್ವಿಚ್ ಕೆಲಸದಲ್ಲಿ ಕಿಡಿ ಹಾರುವುದು ಸಹಜ, ಪಕ್ಕದಲ್ಲಿ ಪೆಟ್ರೋಲ್ ಜಿನುಗುತ್ತಿರಬಾರದು.

ಬ್ಯಾಟರಿ ಒಂದು ರಾತ್ರಿ ಸುಮ್ಮನೆ ಇದ್ದ ಮೇಲೆ ಅಳೆಯಿರಿ. ಪೂರ್ತಿ ಚಾರ್ಜ್ ಇದ್ದರೆ 6.3ರಿಂದ 6.4 ವೋಲ್ಟ್, 12 ವೋಲ್ಟಿನದಾದರೆ 12.6ರಿಂದ 12.8. 6.1 ಅಥವಾ 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಹಾಕಿಸಿ. ಅರ್ಧ ಖಾಲಿ ಬ್ಯಾಟರಿ ಇಟ್ಟುಕೊಂಡು ಮಾಡಿದ ಅಳತೆಗಳಿಂದ ದಾರಿ ತಪ್ಪುತ್ತೀರಿ.

ಬ್ಯಾಟರಿಯ ಯಾವ ತುದಿ ಚಾಸಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ. ಬ್ರಿಟಿಷ್ ವಂಶದ ಹಳೆಯ ಗಾಡಿಗಳಲ್ಲಿ ಪ್ಲಸ್ಸೇ ಅರ್ತ್ ಆಗಿರುವುದುಂಟು. ಹಾಗಿದ್ದರೆ ಮುಂದೆ ನಾವು ಬ್ಯಾಟರಿಯ ಪ್ಲಸ್ ಎಂದಲ್ಲೆಲ್ಲ ಮೈನಸ್ ಎಂದೂ, ಮೈನಸ್ ಎಂದಲ್ಲೆಲ್ಲ ಪ್ಲಸ್ ಎಂದೂ ಓದಿಕೊಳ್ಳಿ. ಬ್ಯಾಟರಿ ಬಿಚ್ಚುವಾಗ ಅರ್ತ್ ತುದಿ ಮೊದಲು, ಕಟ್ಟುವಾಗ ಅರ್ತ್ ತುದಿ ಕೊನೆಗೆ. ಉಲ್ಟಾ ಮಾಡಿದರೆ ಪಾನಾ ಚಾಸಿಗೆ ತಗುಲಿದ ಕ್ಷಣ ಬ್ಯಾಟರಿಯೇ ಶಾರ್ಟ್ ಆಗುತ್ತದೆ.

ಗಾಜಿನ ಫ್ಯೂಸ್ ಇದ್ದರೆ ಹೊರತೆಗೆದು ಅದರ ಗೂಡಿನ ಸ್ಪ್ರಿಂಗ್ ನೋಡಿ. ಫ್ಯೂಸಿನ ತಂತಿ ಚೆನ್ನಾಗಿದ್ದು ತುಕ್ಕು ಹಿಡಿದ ಸ್ಪ್ರಿಂಗ್ ಕರೆಂಟನ್ನು ನುಂಗುತ್ತಿರುವುದು ಬಹಳ ಸಾಮಾನ್ಯ. ಪದೇಪದೇ ಫ್ಯೂಸ್ ಹೋಗುತ್ತಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಮುಂದೆ ಸಾಗಬೇಡಿ. ಎಲ್ಲೋ ವೈರ್ ಚಾಸಿಗೆ ತಾಗುತ್ತಿದೆ. ಫ್ಯೂಸ್ ಉರಿಯದಿದ್ದರೆ ಟ್ಯಾಂಕಿನ ಕೆಳಗಿನ ವೈರಿಂಗ್ ಉರಿಯುತ್ತದೆ.

## ಹಂತ 2: ಐದು ನಿಮಿಷದ ಜಂಪರ್ ಪರೀಕ್ಷೆ

ಕಾಯಿಲಿನ ಎರಡು ತುದಿಗಳಲ್ಲಿ ಸ್ವಿಚ್ಚಿನಿಂದ ವೈರ್ ಬರುವುದು ಯಾವುದು ಎಂದು ಗುರುತಿಸಿ. ಬ್ರಿಟಿಷ್ ಮಾದರಿಯ ಕಾಯಿಲಿನಲ್ಲಿ ಅದಕ್ಕೆ ಎಸ್‌ಡಬ್ಲ್ಯೂ ಎಂದೂ, ಪಾಯಿಂಟಿಗೆ ಹೋಗುವುದಕ್ಕೆ ಸಿಬಿ ಎಂದೂ ಬರೆದಿರುತ್ತದೆ. ಜಾವಾ ವಂಶದಲ್ಲಿ 15 ಮತ್ತು 1. ಸ್ವಿಚ್ಚಿನಿಂದ ಬರುವ ವೈರನ್ನು ಕಿತ್ತು ಅದರ ತುದಿಗೆ ಟೇಪ್ ಸುತ್ತಿ, ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸ್ ಇರುವ ಜಂಪರನ್ನು ನೇರ ಈ ತುದಿಗೆ ಕೊಟ್ಟು ಚಾಲೂ ಮಾಡಿ. ಕ್ಲಿಪ್ ಹಚ್ಚುವಾಗ, ಕೀಳುವಾಗ ಪ್ಲಗ್ಗಿನಲ್ಲಿ ಒಂದು ಕಿಡಿ ಬಿದ್ದು ಕಿಕ್ ಹಿಂದೆ ಒದೆಯಬಹುದು, ಆ ಹೊತ್ತಿಗೆ ಕಾಲು ಕಿಕ್ಕಿನ ಮೇಲಿರಬಾರದು.

ತಡವರಿಸುತ್ತಿದ್ದ ಗಾಡಿ ಈಗ ಸಲೀಸಾಗಿ ಓಡಿದರೆ ದೋಷ ಬ್ಯಾಟರಿಯಿಂದ ಕಾಯಿಲಿನವರೆಗಿನ ದಾರಿಯಲ್ಲಿದೆ, ಮೂರನೇ ಹಂತಕ್ಕೆ ಬನ್ನಿ. ಹಾಗೇ ಮುಕ್ಕರಿಸಿದರೆ ಸ್ವಿಚ್ ನಿರಪರಾಧಿ. ಪಾಯಿಂಟ್, ಕಂಡೆನ್ಸರ್, ಕಾಯಿಲ್ ಕಡೆ ಹೋಗಿ. ಬಿಸಿಯಾದಾಗ ಮಾತ್ರ ಬರುವ ದೋಷವಾದರೆ ಈ ಪರೀಕ್ಷೆಯನ್ನು ತಣ್ಣಗಿರುವಾಗ ಮಾಡಿ ಪ್ರಯೋಜನವಿಲ್ಲ. ಬಂದ್ ಬಿದ್ದ ಜಾಗದಲ್ಲೇ, ಬಿಸಿಯಿರುವಾಗಲೇ ಮಾಡಬೇಕು.

ಜಂಪರನ್ನು ತಪ್ಪಿ ಪಾಯಿಂಟಿನ ತುದಿಗೆ ಕೊಟ್ಟರೆ ಕಾಯಿಲಿನ ಹಂಗಿಲ್ಲದೆ ಬ್ಯಾಟರಿ ನೇರ ಪಾಯಿಂಟಿನ ಮೂಲಕ ಅರ್ತಿಗೆ ಹರಿಯುತ್ತದೆ. ಫ್ಯೂಸ್ ಇಲ್ಲದ ಜಂಪರ್ ಆದರೆ ಪಾಯಿಂಟ್ ಅಲ್ಲೇ ಸುಟ್ಟುಹೋಗುತ್ತದೆ.

ಗದಗ ರಸ್ತೆಯಲ್ಲಿ ಅಣ್ಣಿಗೇರಿ ದಾಟಿದ ಮೇಲೆ ಕೈಕೊಟ್ಟರೆ ಊರು ಮುಟ್ಟಲು ಇದೇ ಜಂಪರ್ ಸಾಕು. ಆದರೆ ಚಾವಿ ಬಂದ್ ಮಾಡಿದರೂ ಇಂಜಿನ್ ನಿಲ್ಲುವುದಿಲ್ಲ, ಜಂಪರ್ ಕಿತ್ತೇ ನಿಲ್ಲಿಸಬೇಕು. ಡೈರೆಕ್ಟ್ ಮಾಡಿ ಹಾಗೇ ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ಇಂಜಿನ್ ನಿಂತಾಗ ಪಾಯಿಂಟ್ ಕೂಡಿದ್ದರೆ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಕಾಯಿಲ್ ಕೈ ಸುಡುವಷ್ಟು ಕಾದಿರುತ್ತದೆ, ರಾತ್ರಿ ಬಿಟ್ಟರೆ ಬ್ಯಾಟರಿಯೂ ಹೋಯಿತು.

## ಹಂತ 3: ಲೋಡ್ ಕೊಟ್ಟು ವೋಲ್ಟ್ ಅಳೆಯುವುದು

ಇಡೀ ಕೆಲಸದ ಜೀವ ಇಲ್ಲಿದೆ. ಬಹುತೇಕರು ಮೀಟರನ್ನು ಬೀಪ್ ಮೋಡಿಗೆ ಹಾಕಿ, ಸ್ವಿಚ್ಚಿನ ಎರಡು ತುದಿ ಮುಟ್ಟಿಸಿ, ಕೀಂ ಎಂದರೆ ಸ್ವಿಚ್ ಸರಿಯಿದೆ ಎನ್ನುತ್ತಾರೆ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ಒಂದು ಮಿಲಿ ಆಂಪಿಯರ್ ಆಸುಪಾಸು. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಮುರಿದು ಒಂದೇ ಉಳಿದಿದ್ದರೂ ಅದು ಕೂಗುತ್ತದೆ. ಹತ್ತಾರು ಓಂ ಇದ್ದರೂ ಕೂಗುವ ಮೀಟರುಗಳಿವೆ, ನಮಗೋ ಅರ್ಧ ಓಂ ಕೂಡ ಹೆಚ್ಚು. ಓಂ ಮೋಡಿನಲ್ಲಿ ಅಳೆಯೋಣವೆಂದರೆ ಅಗ್ಗದ ಮೀಟರಿನ ವೈರುಗಳೇ 0.3ರಿಂದ 0.5 ಓಂ ತೋರಿಸುತ್ತವೆ. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗ ಪ್ರತಿ ತುಣುಕಿನಲ್ಲಿ ಎಷ್ಟು ವೋಲ್ಟ್ ಕಳೆಯುತ್ತಿದೆ ಎಂದು ನೋಡುವುದೊಂದೇ ದಾರಿ.

ಕಾಯಿಲಿನ ಸ್ವಿಚ್ ತುದಿಗೆ ಬರುವ ವೈರನ್ನು ಬಿಡಿಸಿ, ಅದಕ್ಕೆ 21 ವ್ಯಾಟ್ ಬಲ್ಬಿನ ಒಂದು ಕ್ಲಿಪ್ ಹಚ್ಚಿ. ಇನ್ನೊಂದು ಕ್ಲಿಪ್ ನೇರ ಬ್ಯಾಟರಿಯ ಮೈನಸ್ಸಿಗೆ. ಬೇರೆ ಲೈಟುಗಳೆಲ್ಲ ಬಂದ್ ಇರಲಿ. ಚಾವಿ ಹಾಕಿದರೆ ಬಲ್ಬ್ ಉರಿಯುತ್ತದೆ. ಪಾಯಿಂಟ್ ಕೂಡಿಸಿಟ್ಟು ಕಾಯಿಲನ್ನೇ ಲೋಡ್ ಮಾಡಿಕೊಳ್ಳಬಹುದು, ಆದರೆ ಪ್ರತಿ ಸಲ ಒಂದು ನಿಮಿಷದೊಳಗೆ ಚಾವಿ ಬಂದ್ ಮಾಡಬೇಕಾಗುತ್ತದೆ. ಬಲ್ಬಿನ ಕೆಲಸವೇ ನಿರುಮ್ಮಳ.

ಮೀಟರನ್ನು ಡಿಸಿ ವೋಲ್ಟಿಗೆ ಹಾಕಿ, ಬಲ್ಬ್ ಉರಿಯುತ್ತಿರುವಾಗಲೇ ಹೀಗೆ ಅಳೆಯುತ್ತ ಹೋಗಿ:

1. ಬ್ಯಾಟರಿಯ ಪ್ಲಸ್ ಸೀಸದ ಗುಬಟಿನಿಂದ ಸ್ವಿಚ್ಚಿಗೆ ಕರೆಂಟ್ ಬರುವ ತುದಿಯವರೆಗೆ. ಫ್ಯೂಸ್, ಆಂಪಿಯರ್ ಮೀಟರ್ ಎಲ್ಲ ಇದರಲ್ಲಿ ಬರುತ್ತವೆ. 0.15 ವೋಲ್ಟಿನೊಳಗಿರಲಿ.
2. ಸ್ವಿಚ್ಚಿಗೆ ಬರುವ ತುದಿಯಿಂದ ಹೊರಡುವ ತುದಿಯವರೆಗೆ. 0.1ರೊಳಗಿದ್ದರೆ ಸ್ವಿಚ್ ಚೆನ್ನಾಗಿದೆ. 0.2 ಬಂದರೆ ಶುಚಿ ಮಾಡಿ ನೋಡಬೇಕು. 0.3 ದಾಟಿದರೆ ಬಿಚ್ಚಲೇಬೇಕು.
3. ಸ್ವಿಚ್ಚಿನಿಂದ ಹೊರಡುವ ತುದಿಯಿಂದ ಕಾಯಿಲಿನ ಕಡೆಯ ವೈರಿನ ತುದಿಯವರೆಗೆ. 0.1ರೊಳಗೆ.
4. ಈಗ ಬಲ್ಬಿನ ಮೈನಸ್ ಕ್ಲಿಪ್ಪನ್ನು ಬ್ಯಾಟರಿಯಿಂದ ತೆಗೆದು ಇಂಜಿನ್ನಿನ ಬರಿಯ ಲೋಹಕ್ಕೆ ಹಚ್ಚಿ, ಇಂಜಿನ್ನಿನಿಂದ ಬ್ಯಾಟರಿ ಮೈನಸ್ಸಿನವರೆಗೆ ಅಳೆಯಿರಿ. 0.1ರೊಳಗೆ.

ಮೀಟರಿನ ಮೊನೆಯನ್ನು ಮೊದಲು ಟರ್ಮಿನಲ್ ಲೋಹದ ಮೇಲೆ, ಆಮೇಲೆ ಅದೇ ವೈರಿನ ಎಳೆಗಳ ಮೇಲೆ ಇಟ್ಟು ಎರಡು ಸಲ ಓದಿ. ಎರಡಕ್ಕೂ ವ್ಯತ್ಯಾಸ ಬಂದರೆ ಲಗ್ಗಿನ ಒತ್ತೇ ಸಡಿಲು, ಸ್ವಿಚ್ ಅಲ್ಲ. ಈ ಒಂದು ಸಣ್ಣ ವ್ಯತ್ಯಾಸ ನೋಡದೆ ಎಷ್ಟೋ ಒಳ್ಳೆಯ ಸ್ವಿಚ್ಚುಗಳು ಗುಜರಿ ಸೇರಿವೆ.

ಅಂಕಿ ಸರಿಯಿದ್ದರೂ ಮುಗಿಯಲಿಲ್ಲ. ಬಲ್ಬ್ ಉರಿಯುತ್ತಿರಲಿ. ಚಾವಿಯನ್ನು ಮೇಲೆ ಕೆಳಗೆ ಒತ್ತಿ, ಸ್ವಿಚ್ಚಿನ ಹಿಂದಿನ ಒಂದೊಂದೇ ವೈರನ್ನು ಬೆರಳಿನಿಂದ ಅಲುಗಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. 0.08 ಇದ್ದದ್ದು ಒಮ್ಮೆಗೇ 0.9ಕ್ಕೆ ಜಿಗಿದರೆ ಕಳ್ಳ ಸಿಕ್ಕ. ಅನುಮಾನ ಉಳಿದರೆ ಬಲ್ಬನ್ನು ಹತ್ತು ನಿಮಿಷ ಉರಿಸಿ ಪ್ರತಿ ಜೋಡಣೆಯನ್ನು ಬೆರಳಿನಿಂದ ಮುಟ್ಟುತ್ತ ಬನ್ನಿ. ಬೆಚ್ಚಗೆ ತಾಗಿದ ಜಾಗವೇ ಕೆಟ್ಟ ಜಾಗ.

## ಹಂತ 4: ಗುರುತು ಹಾಕಿ ಬಿಚ್ಚುವುದು

ಬ್ಯಾಟರಿಯ ಅರ್ತ್ ಬಿಡಿಸಿ. ಸ್ವಿಚ್ಚಿನ ಹಿಂಬದಿಯ ಫೋಟೊವನ್ನು ಎರಡು ಕಡೆಯಿಂದ ತೆಗೆದು, ಪ್ರತಿ ವೈರಿಗೂ ಕಾಗದದ ಟೇಪ್ ಸುತ್ತಿ ಅದು ಕೂತಿದ್ದ ತುದಿಯ ನಂಬರ್ ಬರೆಯಿರಿ. ಜಾವಾ ವಂಶದ ಗಾಡಿಗಳಲ್ಲಿ 30 ಎಂದರೆ ಬ್ಯಾಟರಿಯಿಂದ ಬರುವುದು, 15 ಎಂದರೆ ಕಾಯಿಲಿಗೆ ಹೋಗುವುದು, 31 ಅರ್ತ್, 61 ಚಾರ್ಜಿಂಗ್ ದೀಪದ್ದು. ವೈರಿನ ಬಣ್ಣ ನಂಬಬೇಡಿ. ಇಷ್ಟು ವರ್ಷಗಳಲ್ಲಿ ನಾಲ್ಕಾರು ಕೈ ಬದಲಾದ ಗಾಡಿಯಲ್ಲಿ ಆ ದಿನ ಅಂಗಡಿಯಲ್ಲಿ ಸಿಕ್ಕ ಬಣ್ಣವೇ ಕೂತಿರುತ್ತದೆ.

## ಹಂತ 5: ವೈರಿನ ತುದಿಗಳನ್ನು ಹೊಸದು ಮಾಡುವುದು

ಸ್ವಿಚ್ ಒಳಗೆ ಕೈ ಹಾಕುವ ಮೊದಲು ಹೊರಗಿನದನ್ನು ಮುಗಿಸಿ. ಅರ್ಧಕ್ಕಿಂತ ಹೆಚ್ಚು ಗಾಡಿಗಳು ಇಲ್ಲಿಗೇ ಸರಿಹೋಗುತ್ತವೆ.

ಹಳೆಯ ಲಗ್ಗಿನ ಹಿಂದೆ ಒಂದು ಸೆಂಟಿಮೀಟರ್ ವೈರ್ ಕತ್ತರಿಸಿ, ಪ್ಲಾಸ್ಟಿಕ್ ಸುಲಿದು ಎಳೆಗಳನ್ನು ಬೆಳಕಿಗೆ ಹಿಡಿಯಿರಿ. ತಾಮ್ರ ಹೊಸ ಬಿಂದಿಗೆಯಂತೆ ಹೊಳೆಯಬೇಕು. ಕಪ್ಪಗಿದ್ದರೆ, ಉಜ್ಜಿದಾಗ ಹಸಿರು ಪುಡಿ ಉದುರಿದರೆ ಕಿಲುಬು ಪ್ಲಾಸ್ಟಿಕ್ಕಿನ ಒಳಗೊಳಗೇ ಏರಿದೆ ಎಂದರ್ಥ. ಇನ್ನೊಂದು ಸೆಂಟಿಮೀಟರ್ ಕತ್ತರಿಸಿ ನೋಡಿ. ನಾಲ್ಕೈದು ಸೆಂಟಿಮೀಟರ್ ಹೋದರೂ ಹೊಳಪು ಬರದಿದ್ದರೆ ಆ ವೈರನ್ನು ತುದಿಯಿಂದ ತುದಿಗೆ ಬದಲಿಸುವುದೇ ಸರಿ. ನಡುವೆ ತುಂಡು ಸೇರಿಸಿದರೆ ಇನ್ನೆರಡು ಜೋಡಣೆ ಹುಟ್ಟಿಕೊಳ್ಳುತ್ತವೆ, ಮುಂದಿನ ಮಳೆಗಾಲಕ್ಕೆ ಇನ್ನೆರಡು ಅನುಮಾನ.

ಹೀಟ್ ಶ್ರಿಂಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿ. ಇದನ್ನು ಮರೆತು ಲಗ್ಗು ಒತ್ತಿಬಿಟ್ಟು ಹಣೆ ಚಚ್ಚಿಕೊಳ್ಳದವರಿಲ್ಲ. ಎಳೆಗಳನ್ನು ಮಡಚದೆ, ಕತ್ತರಿಸದೆ ಎಲ್ಲವನ್ನೂ ಲಗ್ಗಿನ ಕೊಳವೆಗೆ ತುಂಬಿ ಒತ್ತಿ. ಆಮೇಲೆ ವೈರ್ ಹಿಡಿದು ಗಟ್ಟಿಯಾಗಿ ಎಳೆಯಿರಿ. ಕಿತ್ತು ಬಂದರೆ ಈಗಲೇ ಬರಲಿ. ಲಗ್ಗಿಗೆ ಎರಡು ಒತ್ತು ಇರುತ್ತದೆ: ಒಂದು ಎಳೆಗಳ ಮೇಲೆ, ಇನ್ನೊಂದು ಪ್ಲಾಸ್ಟಿಕ್ಕಿನ ಮೇಲೆ. ಎರಡನೆಯದನ್ನು ಬಿಟ್ಟರೆ ಗಾಡಿಯ ನಡುಕವೆಲ್ಲ ಬರಿಯ ಎಳೆಗಳ ಮೇಲೆ ಬೀಳುತ್ತದೆ.

ಬೆಸುಗೆ ಹಾಕಬೇಕೆ ಎಂಬ ವಾದ ಮುಗಿಯುವಂಥದ್ದಲ್ಲ. ಸರಿಯಾಗಿ ಒತ್ತಿದ ಲಗ್ಗಿಗೆ ಬೆಸುಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಕರಗಿದ ಸೀಸ ಎಳೆಗಳ ಒಳಗೆ ಏರಿ ಅಷ್ಟು ಉದ್ದದ ವೈರ್ ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಮೆತ್ತನೆಯ ವೈರ್ ಶುರುವಾಗುವ ಜಾಗದಲ್ಲಿ ನಡುಕಕ್ಕೆ ಮುರಿಯುತ್ತದೆ. ಹಾಕಲೇಬೇಕಾದರೆ ರೋಸಿನ್ ಫ್ಲಕ್ಸಿನ ಸೀಸ ಬಳಸಿ, ವೈರನ್ನು ಹತ್ತಿರದಲ್ಲೇ ಬಿಗಿದು ಕಟ್ಟಿ. ತಗಡು ಬೆಸೆಯುವ ಆಸಿಡ್ ಹಚ್ಚಿದರೆ ಒಳಗೇ ಕಿಲುಬು ಬೆಳೆಯುತ್ತದೆ. ಎಳೆ ಹೊಸೆದು ಟೇಪ್ ಸುತ್ತುವುದು ಜೋಡಣೆಯೇ ಅಲ್ಲ. ಏಪ್ರಿಲ್-ಮೇ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರಿಹೋಗುತ್ತದೆ.

ಸಿಕ್ಕಿಸುವ ಚಪ್ಪಟೆ ಟರ್ಮಿನಲ್ ಬಳಸಿದ ಗಾಡಿಗಳಲ್ಲಿ ಹೆಣ್ಣು ತುದಿ ಸಡಿಲಾಗಿರುತ್ತದೆ. ಸಿಕ್ಕಿಸುವಾಗ ಬಲ ಹಾಕಬೇಕಾಗಬೇಕು. ಹಾಗೇ ಜಾರಿ ಕೂತರೆ ಪಕ್ಕಡದಿಂದ ಅದರ ಎರಡೂ ಅಂಚನ್ನು ಕೂದಲೆಳೆಯಷ್ಟು ಒತ್ತಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ ಟರ್ಮಿನಲ್ ಮಾತ್ರ ಒತ್ತಿ ಫಲವಿಲ್ಲ. ಅದು ಕಾದು ತನ್ನ ಬಿಗಿ ಕಳೆದುಕೊಂಡಿದೆ, ಎಸೆಯಿರಿ.

## ಹಂತ 6: ಸ್ವಿಚ್ಚಿನ ಒಳಗೆ

ಮೂರನೇ ಹಂತದ ಎರಡನೇ ಅಳತೆ 0.2 ದಾಟಿದ್ದರೆ ಮಾತ್ರ ಈ ಹಂತ. ರಿವೆಟ್ ಹೊಡೆದು ಮುಚ್ಚಿದ ಸ್ವಿಚ್ಚನ್ನು ಬಿಚ್ಚಿ ಮತ್ತೆ ಮುಚ್ಚುವುದು ಎಲ್ಲರಿಂದ ಆಗುವ ಕೆಲಸವಲ್ಲ. ಮಡಚಿದ ತಗಡಿನ ಕಿವಿ ಅಥವಾ ಸರ್ಕ್ಲಿಪ್ ಇರುವುದನ್ನು ಬಿಚ್ಚಬಹುದು. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಕೈ ಹಾಕಿ ಬಿಚ್ಚಿ. ಒಳಗಿನ ಸ್ಪ್ರಿಂಗ್, ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು ಹಾರಿದರೆ ಚೀಲದಲ್ಲೇ ಉಳಿಯುತ್ತವೆ. ಅಂಗಳದಲ್ಲಿ ಬಿಚ್ಚಿ ಗುಂಡು ಕಳೆದುಕೊಂಡರೆ ಚಾವಿ ಆಮೇಲೆ ಯಾವ ಸ್ಥಾನದಲ್ಲೂ ಟಕ್ಕೆಂದು ನಿಲ್ಲುವುದಿಲ್ಲ.

ಚಾವಿ ತಿರುಗಿಸಿದಾಗ ಮೇಲಿನ ತಗಡು ತಾಗಿ ಕರೆಂಟ್ ಕೂಡಿಸುವ ಹಿತ್ತಾಳೆಯ ಚುಕ್ಕಿಗಳ ಮೇಲೆ ಕಪ್ಪು ಪೊರೆ, ಸಣ್ಣ ಗುಳಿ ಕಾಣುತ್ತವೆ. ಆಲ್ಕೋಹಾಲ್ ಮತ್ತು ಬ್ರಷ್‌ನಿಂದ ತೊಳೆದು, 1000 ನಂಬರಿನ ಪೇಪರಿನಿಂದ ನಾಲ್ಕೈದು ಸಲ ಉಜ್ಜಿದರೆ ಸಾಕು. ಅರ ಹಾಕಬೇಡಿ. ಗುಳಿ ಹೋಗುವವರೆಗೆ ಉಜ್ಜುತ್ತ ಹೋದರೆ ಚುಕ್ಕಿ ತಗ್ಗಾಗಿ ಮೇಲಿನ ತಗಡು ತಾಗುವುದೇ ಇಲ್ಲ. ಸ್ಪ್ರಿಂಗ್ ನೀಲಿಗೆ ತಿರುಗಿದ್ದರೆ ಅದೂ ಕಾದು ಸತ್ತಿದೆ.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವ ದೋಷ ರಿವೆಟ್ಟಿನದು. ಹೊರಗಿನ ತುದಿಯನ್ನು ಒಳಗಿನ ಚುಕ್ಕಿಗೆ ಸೇರಿಸುವುದು ಕಂದು ಬೇಕಲೈಟ್ ಹಲಗೆಯಲ್ಲಿ ಹೊಡೆದ ಆ ರಿವೆಟ್. ಹಲಗೆ ಕಾದು ಕುಗ್ಗಿದ ಮೇಲೆ ಅದು ಸಡಿಲಾಗುತ್ತದೆ. ತುದಿಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಕೂದಲಷ್ಟು ಅಲುಗಿದರೂ ದೋಷ ಅದೇ. ರಿವೆಟ್ಟಿನ ತಲೆ ಮತ್ತು ತುದಿಯ ತಗಡನ್ನು ಕೆರೆದು ಹೊಳಪು ತಂದು, 60 ವ್ಯಾಟಿನ ಐರನ್ನಿಂದ ಎರಡೂ ಸೇರುವಂತೆ ಒಂದು ಹನಿ ಸೀಸ ಕೂರಿಸಿ. ಮೂರು ಸೆಕೆಂಡಿನಲ್ಲಿ ಮುಗಿಯಬೇಕು, ಹೆಚ್ಚಾದರೆ ಬೇಕಲೈಟ್ ಬಿರಿಯುತ್ತದೆ. ಇಲ್ಲಿ ವೈರಿನಂತೆ ನಡುಕದ ಭಯವಿಲ್ಲ, ಬೆಸುಗೆ ಸರಿಯಾದ ಮದ್ದು.

ಎರಡು ಚುಕ್ಕಿಗಳ ನಡುವೆ ಹಲಗೆಯ ಮೇಲೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಆ ಸ್ವಿಚ್ಚಿನ ಆಸೆ ಬಿಡಿ. ಅದು ಸುಟ್ಟು ಇಂಗಾಲವಾದ ದಾರಿ, ಚಾವಿ ಬಂದ್ ಇದ್ದರೂ ಕರೆಂಟ್ ಜಿನುಗುತ್ತದೆ.

ಮುಚ್ಚುವ ಮೊದಲು ಚುಕ್ಕಿಗಳ ಮೇಲೆ ವ್ಯಾಸಲಿನ್‌ನ ತೆಳು ಲೇಪ ಕೊಡಿ. ಚಾವಿಯ ತೂತಿಗೆ ಪೆನ್ಸಿಲ್ ಸೀಸದ ಪುಡಿ ಒಳ್ಳೆಯದು, ಆದರೆ ಚುಕ್ಕಿಗಳಿರುವ ಕಡೆ ಅದು ಹೋಗಬಾರದು, ಗ್ರಾಫೈಟ್ ಕರೆಂಟ್ ಹರಿಸುತ್ತದೆ. ಇಂಜಿನ್ ಆಯಿಲ್ ಎರಡಕ್ಕೂ ಬೇಡ. ಎರೆಧೂಳು ಅದಕ್ಕೆ ಅಂಟಿ ತಿಂಗಳೊಳಗೆ ಕೆಸರಾಗುತ್ತದೆ.

## ಹಂತ 7: ಹೊಸ ಸ್ವಿಚ್ ಹಾಕಬೇಕಾದರೆ

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಯೆಜ್ಡಿಗೆ ಸಿಗುತ್ತಿರುವುದರಲ್ಲಿ ಬಹುಪಾಲು ಡುಪ್ಲಿಕೇಟ್. ಹೊರಗೆ ತದ್ರೂಪ, ಒಳಗೆ ತುದಿಗಳ ಜಾಗ ಅದಲುಬದಲು ಇರಬಹುದು. ಗಾಡಿಗೆ ಹಾಕುವ ಮೊದಲು ಮೇಜಿನ ಮೇಲಿಟ್ಟು, ಚಾವಿಯ ಪ್ರತಿ ಸ್ಥಾನದಲ್ಲಿ ಯಾವ ತುದಿ ಯಾವುದಕ್ಕೆ ಕೂಡುತ್ತದೆ ಎಂದು ಮೀಟರಿನಿಂದ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ಬೀಪ್ ಮೋಡ್ ಉಪಯೋಗಕ್ಕೆ ಬರುವುದು ಇಂಥ ಕೆಲಸಕ್ಕೆ. ಬಂದ್ ಸ್ಥಾನದಲ್ಲಿ ಬ್ಯಾಟರಿಯ ತುದಿ ಕಾಯಿಲಿನ ತುದಿಗೆ ಕೂಡಬಾರದು.

ನಂತರ ಬ್ಯಾಟರಿ, ಫ್ಯೂಸ್ ಇರುವ ಜಂಪರ್, ಸ್ವಿಚ್, 21 ವ್ಯಾಟ್ ಬಲ್ಬ್ ಸಾಲಾಗಿ ಸೇರಿಸಿ ಹತ್ತು ನಿಮಿಷ ಉರಿಸಿ. ಹೊಸ ಸ್ವಿಚ್ಚೇ ಬೆಚ್ಚಗಾದರೆ, 0.2 ವೋಲ್ಟ್ ತಿಂದರೆ, ಅಂಗಡಿಗೆ ಮರಳಿಸಿ. ಹಳೆಯ ಸ್ವಿಚ್ ರಿಪೇರಿಗೆ ಬರುವಂತಿದ್ದರೆ ಇಂಥದ್ದಕ್ಕಿಂತ ಅದೇ ವಾಸಿ.

## ಹಂತ 8: ಕೂರಿಸುವುದು, ವೈರ್ ಹಾಯಿಸುವುದು

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದಾಗ ಯಾವ ವೈರೂ ಬಿಗಿಯಬಾರದು, ಹಿಚುಕಬಾರದು. ಕುತ್ತಿಗೆಯ ಬಳಿ ಟ್ಯಾಗ್ ಹಾಕಿ ಬಿಗಿಯುವುದು ದೊಡ್ಡ ತಪ್ಪು. ವೈರ್ ಪ್ರತಿ ಸಲ ಅದೇ ಒಂದು ಜಾಗದಲ್ಲಿ ಬಗ್ಗಿ ಮುರಿಯುತ್ತದೆ. ಲೋಹದ ತೂತಿನಲ್ಲಿ ಹಾಯುವಲ್ಲೆಲ್ಲ ರಬ್ಬರ್ ಬುಷ್ ಇರಲಿ. ಸ್ವಿಚ್ಚಿಗೆ ಸೇರುವ ಮೊದಲು ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ. ಮಳೆಯ ನೀರು ವೈರಿನ ಗುಂಟ ಇಳಿದು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಸ್ವಿಚ್ಚಿಗೆ ಏರುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಇದರಷ್ಟು ಉಪಯುಕ್ತ ಉಪಾಯ ಬೇರೊಂದಿಲ್ಲ. ತುದಿಗಳಿಗೆ ವ್ಯಾಸಲಿನ್ ಸವರಿ ರಬ್ಬರ್ ಟೋಪಿ ಏರಿಸಿ.

ಚಾವಿಗೊಂಚಲಿನ ವಿಷಯ. ಮನೆ, ಅಂಗಡಿ, ತಿಜೋರಿ ಚಾವಿಗಳ ಜೊತೆ ಸಿದ್ಧಾರೂಢ ಅಜ್ಜನ ಲಾಕೆಟ್ಟೂ ತೂಗುತ್ತಿದ್ದರೆ ಪ್ರತಿ ತಗ್ಗಿಗೂ ಅಷ್ಟು ಭಾರ ಸ್ವಿಚ್ಚಿನ ಒಳಗಿನ ತಗಡನ್ನು ಜಗ್ಗುತ್ತದೆ. ಗಾಡಿಯ ಚಾವಿ ಒಂಟಿಯಾಗಿರಲಿ, ಅಜ್ಜ ಜೇಬಿನಲ್ಲಿದ್ದೂ ಕಾಯುತ್ತಾನೆ.

## ಹಂತ 9: ಕೊನೆಯ ಪರೀಕ್ಷೆ

ಎಲ್ಲ ಕಟ್ಟಿ, ಬ್ಯಾಟರಿಯ ಅರ್ತ್ ಕೊನೆಗೆ ಹಾಕಿ, ಮೂರನೇ ಹಂತದ ನಾಲ್ಕೂ ಅಳತೆಗಳನ್ನು ಮತ್ತೆ ತೆಗೆಯಿರಿ. ಬ್ಯಾಟರಿಯ ಗುಬಟಿನಿಂದ ಕಾಯಿಲಿನವರೆಗೆ ಒಟ್ಟು ನಷ್ಟ 6 ವೋಲ್ಟಿನಲ್ಲಿ 0.3, 12 ವೋಲ್ಟಿನಲ್ಲಿ 0.5 ದಾಟದಿದ್ದರೆ ಕೆಲಸ ಗೆದ್ದಿರಿ. ಅಂಕಿಗಳನ್ನು ತಾರೀಖಿನ ಸಮೇತ ಬರೆದು ಟೂಲ್ ಬಾಕ್ಸಿನಲ್ಲಿಡಿ.

ಚಾಲೂ ಮಾಡಿ, ನಿಂತಲ್ಲೇ ಹ್ಯಾಂಡಲ್ ತಿರುಗಿಸಿ, ಚಾವಿ ಅಲುಗಿಸಿ. ಆಮೇಲೆ ಇಪ್ಪತ್ತು ನಿಮಿಷ ಓಡಿಸಿ, ಅದರಲ್ಲಿ ಒಂದಷ್ಟು ದೂರ ಹೊಲದ ಕಚ್ಚಾ ದಾರಿ ಇರಲಿ. ಡಾಂಬರು ರಸ್ತೆಯಲ್ಲಿ ಸುಮ್ಮನಿರುವ ದೋಷ ಚಕ್ಕಡಿ ದಾರಿಯಲ್ಲಿ ಬಾಯಿ ಬಿಡುತ್ತದೆ. ಬಂದ ಕೂಡಲೇ ಸ್ವಿಚ್ಚಿನ ಹಿಂಬದಿ ಮುಟ್ಟಿ ನೋಡಿ, ಬಿಸಿಯಿರಬಾರದು. ಇಂಜಿನ್ ಓಡುತ್ತಿರುವಾಗ ಸ್ವಿಚ್ಚಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ, ಪೈಪಿನ ಒತ್ತಡದ ನೀರಲ್ಲ. ತಡವರಿಸಿದರೆ ರಬ್ಬರ್ ಟೋಪಿ ಸರಿಯಾಗಿ ಕೂತಿಲ್ಲ.

ಹೊಸ ಲಗ್ಗುಗಳ ಸ್ಕ್ರೂ ಮೊದಲ ಕೆಲವು ದಿನಗಳ ನಡುಕಕ್ಕೆ ಸ್ವಲ್ಪ ಇಳಿಯುತ್ತದೆ. ಮೂರು ವಾರದ ಮೇಲೆ ಅರ್ತ್ ಬಿಡಿಸಿ ಎಲ್ಲವನ್ನೂ ಇನ್ನೊಮ್ಮೆ ಬಿಗಿ ಮಾಡಿ. ಎರಡನೇ ಅಳತೆಯನ್ನು ಟೂಲ್ ಬಾಕ್ಸಿನ ಚೀಟಿಯ ಜೊತೆ ಹೋಲಿಸಿ. 0.05 ಏರಿದ್ದರೆ ಅಡ್ಡಿಯಿಲ್ಲ. ದುಪ್ಪಟ್ಟಾಗಿದ್ದರೆ ಆರನೇ ಹಂತದ ರಿವೆಟ್ಟನ್ನು ಮತ್ತೆ ನೋಡಿ.